ಭೀಮಗೊಂಡನ ಕಡೆಯ ಮಾತು

ಬಿ.ಎ. ಎರಡನೆಯ ವರ್ಷದ ಸುಂದರಾ ಎದ್ದು ನಿಂತು ಆ ಪ್ರಶ್ನೆ ಕೇಳದೇ ಇದ್ದಿದ್ದರೆ ಜಯಪಾಲನ ಈ ಶನಿವಾರವೂ ಉಳಿದ ಶನಿವಾರಗಳ ಹಾಗೆಯೇ ಕಳೆದುಹೋಗುತ್ತಿತ್ತೋ ಏನೋ. ಹೋಗುತ್ತಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಅವನ ಕಿಸೆಯಲ್ಲಿ ದಿಗ್ಗೇವಾಡಿಯ ತಾರಾಬಾಯಿ ಅತ್ತೆಯ ಕಾರ್ಡು ಇತ್ತು. ಶಿರಗುಪ್ಪಿಯ ಬಸದಿಯ ಅಂಗಳದಲ್ಲಿ ನಿಮ್ಮಪ್ಪ ಭೀಮಗೊಂಡನ ಹೆಸರಿನ ಕಲ್ಲು ನಿಲ್ಲಿಸುತ್ತಾರೆ, ಶನಿವಾರ ಮಧ್ಯಾಹ್ನ ಧೂಳಪ್ಪ ಅಕ್ಷರ ಹೊಡೆಯುತ್ತಾನೆ, ಅಣ್ಣ ಸಾಯುವಾಗ ನನಗೆ ಹೇಳಿದ ಮಾತೂ ಅದರಲ್ಲಿ ಬರಬೇಕು, ಪಂಚರು ಒಪ್ಪಿದ್ದಾರೆ, ನೀನೇ ಬಂದು ನಿಂತು ಬರೆಸು ಎಂದು ಯಾರದೋ ಕೈಯಿಂದ ಬರೆಸಿ ಕಳಿಸಿದ್ದಳು. ಆ ಮಾತನ್ನು ಅಪ್ಪ ಆಡಿರಲಿಲ್ಲ. ಜಯಪಾಲ ಕಟ್ಟಿ ಹೇಳಿದ್ದ. ಈ ಸಂಗತಿ ಗೊತ್ತಿದ್ದದ್ದು ಅವನೊಬ್ಬನಿಗೆ, ಅದೂ ಮೂರು ವರ್ಷದಿಂದ. ಇವತ್ತು ಹೋಗಿ ಹೇಳಿಬಿಡಬೇಕು ಎಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ನಿಶ್ಚಯ ಮಾಡಿಕೊಂಡಿದ್ದ. ಇಂಥ ನಿಶ್ಚಯಗಳನ್ನು ಅವನು ಹಿಂದೆಯೂ ಮಾಡಿಕೊಂಡಿದ್ದ ಎನ್ನಿ.

ಅಥಣಿಯ ಆ ಕಾಲೇಜಿನಲ್ಲಿ ಇತಿಹಾಸ ಕಲಿಸುವುದೆಂದರೆ ನೋಟ್ಸು ಬರೆಸುವುದು. ಹದಿಮೂರು ವರ್ಷದಿಂದ ಅದೇ ಹಳದಿ ತಿರುಗಿದ ವಹಿ, ಅದೇ ರೋಮು. ಹುಡುಗರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ಮೇಷ್ಟ್ರು ಕೆಮ್ಮಿದರೆ ಅಲ್ಲೊಂದು ಅಲ್ಪವಿರಾಮ ಹಾಕುವವರೂ ಇದ್ದಾರೆ. ಈ ದಿನದ ಪಾಠ ಸಿಟ್ಟಿನಿಂದ ವೈರಿಗಳ ಕಡೆ ಸೇರಿ ತನ್ನ ಊರಿನ ಮೇಲೆಯೇ ದಂಡೆತ್ತಿ ಬಂದ ರೋಮಿನ ಸೇನಾನಿಯದು. ಅವನ ಮುದಿ ತಾಯಿ ಪಾಳೆಯಕ್ಕೆ ನಡೆದು ಹೋಗಿ ಮಗನ ಮುಂದೆ ನಿಂತು ಆಡಿದ ಮಾತನ್ನು ಜಯಪಾಲ ಪ್ರತಿ ವರ್ಷ ಒಂದಿಷ್ಟು ದನಿ ಏರಿಸಿಯೇ ಬರೆಸುತ್ತಿದ್ದ. ಬರೆಸಿ ಮುಗಿಸಿದಾಗ ಮೂರನೆಯ ಬೆಂಚಿನಿಂದ ಸುಂದರಾ ಎದ್ದಳು.

"ಸರ್, ಆಕಿ ಮಗನ ಡೇರೇಕ ಹೋಗಿ ಇಷ್ಟೆಲ್ಲಾ ಮಾತಾಡಿದ್ಲಂತ ಬರಸಿದ್ರಿ. ಅಲ್ಲಿ ಕುಂತ ಬರಕೊಂಡವ್ರು ಯಾರ್ರಿ?"

ಕ್ಲಾಸು ನಕ್ಕಿತು. ಜಯಪಾಲನೂ ನಕ್ಕ. "ಯಾರೂ ಇರಲಿಲ್ಲವ್ವಾ. ಇದನ್ನ ಬರೆದ ಇತಿಹಾಸಕಾರ ಹುಟ್ಟಿದ್ದ ನಾಕನೂರ ವರ್ಷ ಆದಮ್ಯಾಲೆ."

"ಹಂಗಾದ್ರ ಸುಳ್ಳೇನ್ರಿ ಇದು?"

"ಸುಳ್ಳಲ್ಲ," ಎಂದ ಅವನು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅಂಥಾ ಹೊತ್ತಿನಾಗ ಅಂಥಾ ತಾಯಿ ಆಡಬೇಕಾಗಿದ್ದ ಮಾತು. ಅದನ್ನ ಅವ ಬರದಾನ." ಸುಂದರಾ ಕುಳಿತು ಅದನ್ನೂ ವಹಿಯಲ್ಲಿ ಬರೆದುಕೊಂಡು ಸ್ಕೇಲು ಇಟ್ಟು ಕೆಳಗೆ ಗೆರೆ ಎಳೆದಳು. ಹಿಂದಿನ ಬೆಂಚಿನಿಂದ ಯಾರೋ, ಇದು ಪರೀಕ್ಷಾದಾಗ ಬರ್ತೈತೇನ್ರಿ ಸರ್ ಎಂದು ಕೇಳಿದರು. ಜಯಪಾಲನಿಗೆ ಎರಡೂ ಕಿವಿ ಬಿಸಿಯಾದವು. ಗಂಟೆ ಹೊಡೆಯಲು ಇನ್ನೂ ಏಳು ನಿಮಿಷ ಇದ್ದರೂ ವಹಿ ಮುಚ್ಚಿ ಹೊರಗೆ ಬಂದುಬಿಟ್ಟ.

ಸ್ಟಾಫ್ ರೂಮಿನಲ್ಲಿ ಅವನಿಗೆ ರೋಮ್ ಸರ್ ಎಂದೇ ಹೆಸರು. ಧಾರವಾಡದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿ ಎಂಟು ವರ್ಷವಾಗಿತ್ತು. ಗೈಡು ನಿವೃತ್ತರಾದರು, ಅವರ ಮಗಳ ಮದುವೆಯಾಯಿತು, ಅವಳಿಗೆ ಮಗುವೂ ಆಯಿತು, ಜಯಪಾಲ ಮಾತ್ರ ಮೂರನೆಯ ಅಧ್ಯಾಯದಲ್ಲೇ ಇದ್ದ. ಆ ಪ್ರಾಚೀನ ಇತಿಹಾಸಕಾರ ತನ್ನ ಪಾತ್ರಗಳ ಬಾಯಿಗೆ ಹಾಕಿದ ಭಾಷಣಗಳು ಎಂಬುದೇ ಅವನ ವಿಷಯ. ಅರ್ಥಶಾಸ್ತ್ರದ ವಿರುಪಾಕ್ಷಪ್ಪ ಚಹಾ ಬಂದಾಗಲೆಲ್ಲ, "ರೋಮ್ ಎಲ್ಲೀ ತನಕ ಬಂತ್ರಿ ಸರ?" ಎನ್ನುತ್ತಿದ್ದ. "ಇನ್ನೂ ಸುಡಾಕತ್ತೈತ್ರಿ," ಎಂದು ಇವನೂ ಉತ್ತರ ಕೊಟ್ಟು ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದ. ಬೇರೆಯವರು ನಗುವ ಮೊದಲು ನಕ್ಕುಬಿಟ್ಟರೆ ಅರ್ಧ ಅವಮಾನ ಕಡಿಮೆ ಎಂದು ಅವನು ಕಂಡುಕೊಂಡಿದ್ದ. ಆದರೆ ಆ ಮುದಿ ಇತಿಹಾಸಕಾರನ ಮೇಲೆ ಅವನಿಗೆ ನಿಜವಾದ ಪ್ರೀತಿಯಿತ್ತು. ರೋಮ್ ಊರು ಸುಟ್ಟಾಗ ಹಳೆಯ ಬರಹವೆಲ್ಲ ಬೂದಿಯಾಯಿತು ಎಂದು ತಾನೇ ಒಪ್ಪಿಕೊಂಡು, ಒಪ್ಪಿಕೊಂಡವನು ಸುಮ್ಮನಿರದೆ, ಸತ್ತವರೆಲ್ಲರಿಗೂ ಒಳ್ಳೊಳ್ಳೆಯ ಮಾತು ಕೊಟ್ಟು ಕಳಿಸಿದ್ದ. ಎಷ್ಟು ಧೈರ್ಯ, ಎಷ್ಟು ಭಂಡತನ! ಅದಕ್ಕೆ ಅಡಿಟಿಪ್ಪಣಿ ಬರೆಯುವ ಕೆಲಸವನ್ನಾದರೂ ಸರಿಯಾಗಿ ಮಾಡೋಣ ಎಂದು ಜಯಪಾಲ ಅಂದುಕೊಂಡಿದ್ದ. ಅಂಥವನು ಸ್ವಂತ ಅಪ್ಪನ ವಿಷಯದಲ್ಲಿ ಅಡಿಟಿಪ್ಪಣಿಯೇ ಇಲ್ಲದ ಕೆಲಸ ಮಾಡಿ ಕೂತಿದ್ದ.

ಕಾಗವಾಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಬ್ಬಿನ ಹಂಗಾಮು, ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ಬಿಟ್ಟುಕೊಡುತ್ತಿರಲಿಲ್ಲ, ಡ್ರೈವರ್ ಮರಾಠಿಯಲ್ಲಿ ಬೈಯುತ್ತಿದ್ದ, ಕಂಡಕ್ಟರ್ ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದ. ಅತ್ತಿ, ಸ್ವಲ್ಪ ಈಕಡೆ ಬಾ, ನಿನಗೊಂದು ಮಾತು ಹೇಳಬೇಕು. ಹೀಗೆ ಸುರು ಮಾಡಬೇಕು. ಅವತ್ತು ಅಪ್ಪ ಏನೋ ಅಂದ, ಏನಂದ ಅಂತ ನನಗೆ ಗೊತ್ತಿಲ್ಲ. ಬರೀ ಇಷ್ಟು. ಇಷ್ಟಕ್ಕೆ ಮೂರು ವರ್ಷ ಬೇಕಾಯಿತೇ ಎಂದು ಅವಳು ಕೇಳಿದರೆ? ಕೇಳಲಿ. ಅಪ್ಪ ಅನ್ನ ಬಿಟ್ಟು ಹನ್ನೆರಡು ದಿನವಾಗಿತ್ತು, ಹಾಲು ಬಿಟ್ಟು ಆರು ದಿನ. ಎಪ್ಪತ್ತೆಂಟನೆಯ ವಯಸ್ಸಿಗೆ ಗಂಟಲಿನ ಬೇನೆ ಗುಣವಾಗುವುದಿಲ್ಲ ಎಂದು ಮಿರಜಿನ ಡಾಕ್ಟರು ಹೇಳಿದ ಮೇಲೆ ಮುನಿಗಳನ್ನು ಕರೆಸಿ ಸಲ್ಲೇಖನದ ವ್ರತ ತೆಗೆದುಕೊಂಡಿದ್ದ. ಊರಿನಲ್ಲಿ ನಲವತ್ತು ವರ್ಷದಿಂದ ಯಾರೂ ತೆಗೆದುಕೊಂಡಿರಲಿಲ್ಲ. ವ್ರತಕ್ಕೆ ಕೂಡುವ ಮೊದಲು ಎಲ್ಲರ ಕ್ಷಮೆ ಕೇಳಬೇಕು, ಅಪ್ಪ ಕೇಳಿದ. ಕೈ ಮುಗಿದು, ಒಬ್ಬೊಬ್ಬರ ಹೆಸರು ಹಿಡಿದು, ದ್ರಾಕ್ಷಿ ತೋಟದ ಆಳು ವಿಠೋಬಾನಿಗೆ ಮಳೆಗಾಲದಲ್ಲಿ ಹೊಡೆದದ್ದಕ್ಕೆ, ಎಂದೋ ಮಾರಿದ ಮುದಿ ಎತ್ತಿಗೆ ಕೂಡ. ಇನ್ನು ಯಾರಾದರೂ ಉಳಿದರೇ ಎಂದು ಮುನಿಗಳು ಕೇಳಿದಾಗ ಮನೆಯ ಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಂತರು. ಉಳಿದವಳು ಒಬ್ಬಳೇ, ಒಡಹುಟ್ಟಿದ ತಂಗಿ. ಅಪ್ಪ ಏನೂ ಹೇಳದೆ ಕಣ್ಣು ಮುಚ್ಚಿದ.

ಸೀರೆಯ ಸಂಗತಿ ಊರಿಗೆಲ್ಲ ಗೊತ್ತಿತ್ತು. ಗಂಡ ಸತ್ತವಳಿಗೆ ಸೂತಕ ಕಳೆಯುವ ದಿನ ತವರಿನ ಅಣ್ಣ ಸೀರೆ ತರಬೇಕು, ಅದನ್ನು ಉಟ್ಟೇ ಅವಳು ಹೊರಬಾಗಿಲಿಗೆ ಬರಬೇಕು. ತಾರಾಬಾಯಿಯ ಗಂಡ ಬದುಕಿದ್ದಾಗ ಅಪ್ಪ ತಂದ ಮದುವೆಯ ಸಂಬಂಧವೊಂದನ್ನು ನಾಲ್ಕು ಮಂದಿಯ ಎದುರು ಹಗುರವಾಗಿ ಮಾತಾಡಿ ತಿರುಗಿಸಿದ್ದನಂತೆ. ಅಪ್ಪ ಆ ಸಿಟ್ಟನ್ನು ಹೆಣದ ಮೇಲೂ ಬಿಡಲಿಲ್ಲ. ಸೀರೆ ತರಲಿಲ್ಲ, ಮಂದಿಯನ್ನೂ ಕಳಿಸಲಿಲ್ಲ. ಅವಳು ಒಳಕೋಣೆಯಲ್ಲಿ ಹೊತ್ತು ಮುಳುಗುವವರೆಗೆ ಕಾದಳು. ಬಂದ ನೆಂಟರು ಗಳಿಗೆಗೊಮ್ಮೆ ಎದ್ದು ರಸ್ತೆ ನೋಡಿದರು. ಕೊನೆಗೆ ನೆರೆಮನೆಯ ಕಸ್ತೂರೆವ್ವ ತನ್ನ ಟ್ರಂಕಿನಿಂದ ಒಂದು ಸೀರೆ ತಂದು ಉಡಿಸಿ ಹೊರಗೆ ಕರೆತಂದಳು. ಮಂದಿಯ ಸೀರೆ. ಇಪ್ಪತ್ತು ವರ್ಷ ಅವಳು ತವರಿನ ನೀರು ಕುಡಿಯಲಿಲ್ಲ. ಅಣ್ಣ ವ್ರತಕ್ಕೆ ಕೂತಿದ್ದಾನೆ ಎಂದು ಹೇಳಿಕಳಿಸಿದರೂ, ಅವನು ಕರೆದನೇನು ಎಂದಷ್ಟೇ ಕೇಳಿ ಸುಮ್ಮನಾಗಿದ್ದಳು.

ವ್ರತಕ್ಕೆ ಕೂತವನ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ನಿಲ್ಲಬಾರದು. ಮನೆಯವರೆಲ್ಲ ಎರಡೆರಡು ತಾಸಿನ ಪಾಳಿ ಹಚ್ಚಿಕೊಂಡಿದ್ದರು. ಕೊನೆಯ ದಿನಗಳಿಗೆ ರಜೆ ಹಾಕಿ ಬಂದಿದ್ದ ಜಯಪಾಲನದು ಮಧ್ಯಾಹ್ನ ಎರಡರಿಂದ ನಾಲ್ಕು, ಊಟ ಮಾಡಿದ ಮನೆ ಮಲಗುವ ಹೊತ್ತು. ಮೊದಲ ಎರಡು ದಿನ ಅವನು ಬಾಯಿ ಬಿಟ್ಟು ಹೇಳಿದ. ಮೂರನೆಯ ದಿನ ಮನಸ್ಸಿನಲ್ಲಿ ಹೇಳಿಕೊಂಡ. ನಾಲ್ಕನೆಯ ದಿನ, ಹೇಗೂ ಅಪ್ಪನಿಗೆ ಮಂಪರು, ಹೇಗೂ ರಜೆ ವ್ಯರ್ಥವಾಗುತ್ತಿದೆ ಎಂದುಕೊಂಡು, ಲೈಬ್ರರಿಯಿಂದ ತಂದ ಆ ಇತಿಹಾಸಕಾರನ ಸಂಪುಟವನ್ನು ಮಣೆಯ ಮೇಲಿನ ದೊಡ್ಡ ಶಾಸ್ತ್ರಗ್ರಂಥದ ಹಾಳೆಗಳ ನಡುವೆ ಇಟ್ಟುಕೊಂಡು ಓದತೊಡಗಿದ. ಬಾಗಿಲಿಗೆ ಬಂದು ನಮಸ್ಕಾರ ಮಾಡಿ ಹೋಗುವವರಿಗೆ ಹೊರಗಿನ ಗ್ರಂಥ ಮಾತ್ರ ಕಾಣುತ್ತಿತ್ತು. "ನೋಡ್ರಿ, ಮಗ ಅಂದ್ರ ಹಿಂಗಿರಬೇಕು. ಎಷ್ಟ ಶಾಂತಲೆ ಶಾಸ್ತ್ರ ಓದಾಕತ್ತಾನ," ಎಂದು ಕಾಗವಾಡದಿಂದ ಬಂದ ಹಿರಿಯರೊಬ್ಬರು ಪಕ್ಕದವರಿಗೆ ಹೇಳಿದ್ದು ಅವನ ಕಿವಿಗೆ ಬಿತ್ತು. ನಾಚಿಕೆಯಾಯಿತು, ಆದರೂ ಪುಟ ತಿರುವಿದ. ಊರು ಸುಟ್ಟು ಬರಹಗಳೆಲ್ಲ ಹೋದ ಪುಟವೇ ಅದು, ಮೂರನೆಯ ಅಧ್ಯಾಯಕ್ಕೆ ಅವನು ಹುಡುಕುತ್ತಿದ್ದ ಪುಟ. ಆಗ ಅಪ್ಪ ಏನೋ ಅಂದ.

ನಾಲ್ಕೈದು ಶಬ್ದ ಇರಬೇಕು. ದನಿ ಗಂಟಲಿನಿಂದ ಸವೆದು ಬಂತು. ಜಯಪಾಲ ತಲೆ ಎತ್ತಲಿಲ್ಲ. ಕ್ಲಾಸಿನಲ್ಲಿ ನಡುವೆ ಬಾಯಿ ಹಾಕುವ ಹುಡುಗರಿಗೆ ತೋರಿಸುವಂತೆ ಒಂದು ಬೆರಳು ಎತ್ತಿ, ತಡಿ ಎಂದ. ಮಾತಿನಲ್ಲಿ ಅನ್ನಲಿಲ್ಲ, ಬೆರಳಿನಲ್ಲೇ ಅಂದ. ಪ್ಯಾರಾ ಮುಗಿಸಿದ. ಹನ್ನೊಂದು ಸಾಲು, ಆಮೇಲೆ ಎಷ್ಟೋ ಸಲ ಎಣಿಸಿದ್ದಾನೆ. ಮುಗಿಸಿ ತಲೆ ಎತ್ತಿ, "ಏನಂದಿ ಅಪ್ಪಾ?" ಎಂದ. ಅಪ್ಪನ ಕಣ್ಣು ತೆರೆದೇ ಇದ್ದವು. ಅವನನ್ನು ನೋಡಿದವು, ಮಣೆಯ ಮೇಲಿನ ಗ್ರಂಥವನ್ನು ನೋಡಿದವು, ಅದರೊಳಗಿನ ಸಣ್ಣ ಪುಸ್ತಕವನ್ನೂ ನೋಡಿದವು. "ಅಪ್ಪಾ, ಏನಂದಿ?" ಎಂದು ಇನ್ನೆರಡು ಸಲ ಕೇಳಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಅಪ್ಪ ಕಣ್ಣು ಮುಚ್ಚಿದ. ಮರುದಿನ ಬೆಳಿಗ್ಗೆ ಉಸಿರು ನಿಂತಿತು. ನಡುವೆ ಒಂದು ಶಬ್ದವನ್ನೂ ಆಡಲಿಲ್ಲ.

ಆ ಬೆಳಿಗ್ಗೆ ಹತ್ತರ ಸುಮಾರಿಗೆ ತಾರಾಬಾಯಿ ಬಂದಳು. ಅಂಗಳ ತುಂಬ ಮಂದಿ. ಅವಳು ಹೊರಬಾಗಿಲು ದಾಟಲಿಲ್ಲ. ಅಲ್ಲಿಂದಲೇ, ಎಲ್ಲರಿಗೂ ಕೇಳುವಂತೆ, "ಜಯಪಾಲ, ನನ್ನ ಹೆಸರ ತಗೊಂಡ್ನೇನೋ ನಿಮ್ಮಪ್ಪ?" ಎಂದು ಕೇಳಿದಳು. ಅರವತ್ತು ದಾಟಿದ ಹೆಂಗಸು, ಬಸ್ಸಿನ ಧೂಳು ಮುಖದ ಮೇಲಿತ್ತು, ಕೈಯಲ್ಲಿ ಒಂದು ಚೀಲ. ಅವನಿಗೆ ಅವಳ ಮೇಲೆ ಕನಿಕರ ಬಂದು ಸುಳ್ಳು ಹೇಳಿದ ಎಂದು ನೀವು ಅಂದುಕೊಂಡರೆ ಅದು ಅವನಿಗೆ ಮಾಡುವ ಉಪಕಾರ. ನಿಜವಾಗಿ ಅವನಿಗೆ ಹೆದರಿಕೆಯಾಗಿತ್ತು. ಅಪ್ಪ ಏನೋ ಅಂದ, ನಾನು ಕೇಳಿಸಿಕೊಳ್ಳಲಿಲ್ಲ ಎಂದರೆ ಯಾಕೆ ಎನ್ನುತ್ತಾರೆ; ಯಾಕೆ ಎಂದರೆ ಆ ಸಣ್ಣ ಪುಸ್ತಕ ಹೊರಗೆ ಬರುತ್ತದೆ. "ತಗೊಂಡ ಅತ್ತಿ," ಎಂದ. "ತಾರಾಗ ಹೇಳು, ಆ ದಿನ ಸೀರಿ ನಾನ ತರಬೇಕಿತ್ತು, ತಪ್ಪಾತು ಅಂದ." ಎಷ್ಟು ಅಚ್ಚುಕಟ್ಟಾಗಿ ಬಂತು ಮಾತು! ಒಂದು ಶಬ್ದ ಹೆಚ್ಚಿಲ್ಲ, ಕಡಿಮೆಯಿಲ್ಲ, ಅಪ್ಪನದೇ ದನಿ, ಅಪ್ಪನದೇ ಬಿಗುಮಾನ. ಐದು ವರ್ಷದ ಅಭ್ಯಾಸ ಸುಮ್ಮನೆ ಹೋಗುವುದಿಲ್ಲ. ತಾರಾಬಾಯಿ ನಿಂತಲ್ಲೇ ಕುಸಿದು ಕುಳಿತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವತ್ತು ಆ ಮನೆಯ ನೀರು ಕುಡಿದಳು.

ಆಮೇಲೆ ಆ ಮಾತು ಅವನ ಕೈ ಮೀರಿ ನಡೆಯಿತು. ಅತ್ತೆ ಅದನ್ನು ರಾಯಬಾಗದ ಸಂತೆಯಲ್ಲಿ ಹೇಳಿದಳು, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದಳು. ಚಾತುರ್ಮಾಸಕ್ಕೆ ಬಂದ ಮುನಿಗಳು ಕ್ಷಮೆಯ ಮೇಲಿನ ಪ್ರವಚನದಲ್ಲಿ ಅದನ್ನೇ ಉದಾಹರಣೆಯಾಗಿ ಹೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಜಯಪಾಲನನ್ನು ಎದ್ದು ನಿಲ್ಲಿಸಿ, ಇವನೇ ಆ ಮಗ ಎಂದರು. ಒಮ್ಮೆ ದಿಗ್ಗೇವಾಡಿಗೆ ಹೋಗಿ ಹೇಳಿಬಿಡಲು ನೋಡಿದ್ದ. ಊಟಕ್ಕೆ ಬಡಿಸುತ್ತಿದ್ದಳು. "ಅತ್ತಿ, ಅವತ್ತ ಅಪ್ಪ..." ಎಂದು ಸುರುಮಾಡಿದ್ದೇ ತಡ, ಅವಳು ಸೌಟು ಹಿಡಿದುಕೊಂಡೇ ಎದುರಿಗೆ ಕೂತುಬಿಟ್ಟಳು, ಮುಖದಲ್ಲಿ ಅಂಥ ಆಸೆ, ಇನ್ನೊಮ್ಮೆ ಕೇಳುವ ಆಸೆ. ಅವನು ಇನ್ನೊಮ್ಮೆ ಅದನ್ನೇ ಹೇಳಿ ಮಜ್ಜಿಗೆ ಕುಡಿದು ಎದ್ದು ಬಂದ. ಆದರೆ ಅಪ್ಪ ನಿಜವಾಗಿ ಅಂದದ್ದೇನು? ನೀರು ಕೇಳಿದನೇ? ವ್ರತ ಸಾಕು, ಬದುಕಬೇಕು ಅಂದನೇ? ಆಕಿ ನನ್ನ ಹೆಣ ಮುಟ್ಟಬಾರದು ಅಂದನೇ? ಅಥವಾ ಅವಳ ಹೆಸರನ್ನೇ ಹಿಡಿದು, ಜಯಪಾಲ ಕಟ್ಟಿದ್ದಕ್ಕಿಂತ ದೊಡ್ಡ ಮಾತು ಆಡಿದ್ದನೇ? ಅವನನ್ನು ಹೆಚ್ಚು ಸುಡುತ್ತಿದ್ದದ್ದು ಈ ಕಡೆಯದು. ಹನ್ನೊಂದು ಸಾಲು ಓದುವ ಹೊತ್ತಿನಲ್ಲಿ ಆ ಬರಹ ಸುಟ್ಟುಹೋಗಿತ್ತು, ಬೆಂಕಿ ಹಚ್ಚಿದವನು ಅವನೇ.

ಶಿರಗುಪ್ಪಿಯಲ್ಲಿ ಇಳಿದಾಗ ಎರಡೂವರೆ. ಮನೆಗೆ ಹೋಗದೆ ನೇರ ಬಸದಿಗೆ ನಡೆದ. ಕಾರ್ಖಾನೆಯ ಕಡೆಯಿಂದ ಬೆಲ್ಲ ಹತ್ತಿದ ವಾಸನೆ ಬರುತ್ತಿತ್ತು. ಅಂಗಳದ ಮೂಲೆಯಲ್ಲಿ ಕಲ್ಲನ್ನು ಎರಡು ದಿಮ್ಮಿಗಳ ಮೇಲೆ ಅಡ್ಡ ಮಲಗಿಸಿದ್ದರು. ಧೂಳಪ್ಪ ಕಾಲು ಮಡಚಿ ಕೂತು ಬೀಡಿ ಸೇದುತ್ತಿದ್ದವನು ಇವನನ್ನು ಕಂಡು ಆರಿಸಿದ. ಗೋಣಿಚೀಲದ ಮೇಲೆ ಕೂತಿದ್ದ ತಾರಾಬಾಯಿ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಬಂದ್ಯಾ? ಬಸ್ ತಪ್ಪಿತೇನೋ ಅಂತ ಮಾಡಿದ್ದೆ."

"ಬರ್ರಿ ಸರ," ಎಂದ ಧೂಳಪ್ಪ. "ಹೆಸರು, ತಾರೀಖು ಎಲ್ಲಾ ಹೊಡದ ಆತು. ಕೆಳಗಿನ ಸಾಲಿಗೆ ನಿಮ್ಮ ದಾರಿ ನೋಡಾಕತ್ತಿದ್ವಿ. ತಾರಾಬಾಯಾರು ಹೇಳಿದಂಗ ಖಡೂಲೆ ಬರದೀನಿ. ಒಮ್ಮೆ ಓದ್ಕೋರಿ. ಉಳಿ ಬಿದ್ದಮ್ಯಾಲೆ ಅಳಸಾಕ ಬರಂಗಿಲ್ಲ."

ಅತ್ತಿ, ಸ್ವಲ್ಪ ಈಕಡೆ ಬಾ. ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅವನ ಕಣ್ಣು ಆಗಲೇ ಕಲ್ಲಿನ ಮೇಲೆ ಹೋಗಿತ್ತು. ಸೀಮೆಸುಣ್ಣದ ಬಿಳಿ ಅಕ್ಷರದಲ್ಲಿ, ಒಂದಿಷ್ಟು ಸೊಟ್ಟಗೆ: ತಂಗೀ ತಾರಾ, ನಿನ್ನ ಸೀರೆ ನಾನು ತರಬೇಕಿತ್ತು, ನನ್ನ ತಪ್ಪು ಹೊಟ್ಟೆಯಲ್ಲಿ ಹಾಕಿಕೋ.

"ಹಿಂಗ ಅಂದಿಲ್ಲ," ಎಂದ ಜಯಪಾಲ.

ಬಂತು, ಹೇಳಿಯೇ ಬಿಟ್ಟೆ, ಇನ್ನು ಉಳಿದದ್ದು ತಾನಾಗಿ ಬರುತ್ತದೆ. ಅತ್ತೆ ಕತ್ತು ಎತ್ತಿ ನೋಡಿದಳು. ಉಳಿದದ್ದೂ ಬಂತು. "ತಾರಾಗ ಹೇಳು, ಆ ದಿನ ಸೀರಿ ನಾನ ತರಬೇಕಿತ್ತು, ತಪ್ಪಾತು. ಇಷ್ಟ ಅಂದಿದ್ದು. ಹೊಟ್ಟ್ಯಾಗ ಹಾಕ್ಕೋ ಗಿಕ್ಕೋ ಏನೂ ಅಂದಿಲ್ಲ." ಹದಿಮೂರು ವರ್ಷ ಉತ್ತರಪತ್ರಿಕೆಗಳಲ್ಲಿ ಹುಡುಗರು ಸೇರಿಸಿದ ಒಗ್ಗರಣೆಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಕೈ ಅದು; ಅದಕ್ಕೆ ಬೇರೆ ಕೆಲಸ ಗೊತ್ತಿರಲಿಲ್ಲ. ತಾನು ಹುಟ್ಟಿಸಿದ ಸುಳ್ಳಿಗೆ ಮೈಲಿಗೆಯಾಗಬಾರದು ಎಂದು ಕಾವಲು ನಿಂತಿದ್ದ.

"ನನಗ ಏನ ಗೊತ್ತ್ರಿ, ಬಾಯಾರು ಹೇಳಿದ್ರು," ಎಂದು ಧೂಳಪ್ಪ ಒದ್ದೆ ಅರಿವೆ ತೆಗೆದುಕೊಂಡ.

"ತಡಿ," ಎಂದಳು ತಾರಾಬಾಯಿ. ಆಮೇಲೆ ಬಹಳ ಮೆಲ್ಲಗೆ, "ತಂಗೀ ಅಂದಿದ್ದಿಲ್ಲೇನೋ?" ಎಂದು ಕೇಳಿದಳು.

ಅವನು ಕಲ್ಲಿನ ಮೇಲಿನ ಆ ಶಬ್ದವನ್ನು ಮತ್ತೊಮ್ಮೆ ಓದಿದ.

"ನೀ ಅವತ್ತ ಹೇಳೂಮುಂದ ತಂಗೀ ಅಂತ ಅಂದಂಗ ನೆನಪೈತಿ ನನಗ. ಮುಂಜಾನೆದ್ದು ಕೂಡ್ಲೆ ಅದನ್ನ ಒಮ್ಮೆ ಅನ್ಕೋತೀನಿ. ತಂಗೀ ತಾರಾ. ಸಣ್ಣಾಕಿದ್ದಾಗ ಅವ ಹಂಗ ಕರೀತಿದ್ದ. ಸೀರಿ ಹೋಗ್ಲಿ ಬಿಡು, ಅದೇನ ಹಳೇದಾತು. ಅದೊಂದು ಮಾತು ಅಂದಿದ್ನೋ ಇಲ್ಲೋ ಹೇಳು."

ಅವಳ ಮುಖದಲ್ಲಿ ಈಗ ಆ ಆಸೆ ಇರಲಿಲ್ಲ. ಭಯ ಇತ್ತು. ಹನ್ನೊಂದು ಗಂಟೆಗೆ ಬಸ್ಸು ಹತ್ತಿ, ಹೊಳೆ ದಾಟಿ, ಬಿಸಿಲಲ್ಲಿ ಕೂತು ಕಾದವಳ ಕೈಯಿಂದ ಅವನು ಒಂದೇ ಒಂದು ಶಬ್ದವನ್ನು ಕಿತ್ತುಕೊಂಡಿದ್ದ, ಅದೂ ಸತ್ಯದ ಹೆಸರಿನಲ್ಲಿ, ಅದೂ ಅವಳದೇ ಶಬ್ದವನ್ನು. ಅಂದಿದ್ದ ಎಂದರೆ ಮುಗಿಯಿತು. ಎಷ್ಟು ಸುಲಭ. ಆದರೆ ಆ ಒಂದು ಶಬ್ದವನ್ನು ಕಟ್ಟಲು ಅವನಿಂದಾಗಲಿಲ್ಲ.

"ನಾ ಕೇಳಲಿಲ್ಲ ಅತ್ತಿ," ಎಂದ. "ಅಪ್ಪ ಏನೋ ಅಂದ. ಅಂದದ್ದು ನಾ ಕೇಳಲಿಲ್ಲ. ಓದಾಕತ್ತಿದ್ದೆ ನಾ."

ಧೂಳಪ್ಪನ ಕೈಯ ಅರಿವೆಯಿಂದ ನೀರು ತೊಟ್ಟಿಕ್ಕಿತು. ತಾರಾಬಾಯಿ ಅವನನ್ನೇ ನೋಡುತ್ತ ಕೂತಳು. ಅವಳಿಗೆ ಎಷ್ಟು ತಿಳಿಯಿತು, ಒಂದು ಶಬ್ದದ ವಿಷಯವೋ ಇಡೀ ಮಾತಿನ ವಿಷಯವೋ, ಮುಖ ನೋಡಿ ಹೇಳುವಂತಿರಲಿಲ್ಲ. ಸೆರಗಿನಿಂದ ಬೆವರು ಒರೆಸಿಕೊಂಡಳು. ಒಂದು ಸಲ ಬಸದಿಯ ಬಾಗಿಲಿನ ಕಡೆ ನೋಡಿದಳು. ಆಮೇಲೆ ಕಲ್ಲಿನ ಕಡೆ ತಿರುಗಿದಳು.

"ಧೂಳಪ್ಪಾ, ಆ ಅರಿವಿ ಕೆಳಗಿಡು. ತಂಗೀ ಅನ್ನೂದು ಇರಲಿ. ಇಂವ ಓದಾಕತ್ತಿದ್ನಂತ, ಕೇಳಿಲ್ಲ. ನಮ್ಮಣ್ಣ ಅಂದಿರ್ತಾನ."

"ಅತ್ತಿ, ನಾ ಹೇಳೂದು..."

"ನೀ ಹೇಳಿದ್ದು ಆತಲ್ಲ," ಎಂದಳು ಅವಳು. ಸಿಟ್ಟಿರಲಿಲ್ಲ ದನಿಯಲ್ಲಿ. "ಹೊಡಿ ಧೂಳಪ್ಪಾ."

"ಸರ, ಕಲ್ಲ ಅಲಗಾಕತ್ತೈತಿ," ಎಂದ ಧೂಳಪ್ಪ. "ಆ ಕಡಿಂದ ಗಟ್ಟ್ಯಾಗಿ ಹಿಡೀರಿ."

ಜಯಪಾಲ ಕುಕ್ಕುರುಗಾಲಿನಲ್ಲಿ ಕೂತು ಎರಡೂ ಕೈಯಿಂದ ಕಲ್ಲಿನ ಅಂಚು ಹಿಡಿದುಕೊಂಡ. ಅದು ಬಿಸಿಲಿಗೆ ಕಾದಿತ್ತು. ಧೂಳಪ್ಪ ಉಳಿಯನ್ನು ಮೊದಲ ಅಕ್ಷರದ ಮೇಲೆ ಊರಿ ಸುತ್ತಿಗೆ ಎತ್ತಿದ. ಏಟಿನ ನಡುಕ ಅಂಗೈಯಿಂದ ಹೊರಟು ಮೊಣಕೈಯವರೆಗೆ ಬಂತು. ಬಿಡಬ್ಯಾಡ್ರಿ ಎಂದ ಧೂಳಪ್ಪ. ಜಯಪಾಲ ಬಿಡಲಿಲ್ಲ.